ತಕ್ಕಡಿಯಣ್ಣನ ಹೊಸ ಗಿರಾಕಿ

ನಮ್ಮಪ್ಪನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತೂಗುವ ಚಟ. ಮೊದಲು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ "ನೂರಾ ಎಂಬತ್ತು" ಎನ್ನುತ್ತಾನೆ. ಆಮೇಲೆ ತಕ್ಕಡಿಗೆ ಹಾಕಿ ತಾನು ಹೇಳಿದ್ದು ಎಷ್ಟು ಸರಿ ಎಂದು ನೋಡುತ್ತಾನೆ. ನನ್ನ ಗಂಡ ಮದುವೆಗೆ ಮುಂಚೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವನು ತಂದಿದ್ದ ಹಣ್ಣಿನ ಚೀಲವನ್ನೂ ಹಾಗೇ ಆಡಿಸಿ, "ಎರಡು ಕಿಲೋ ಅಂತ ಕೊಟ್ನಾ? ನಿನಗೆ ಟೋಪಿ ಹಾಕಿದಾನಪ್ಪಾ" ಎಂದುಬಿಟ್ಟಿದ್ದ. ಬಾಗಿಲ ಹಿಂದೆ ಅಮ್ಮ ಹಣೆ ಚಚ್ಚಿಕೊಂಡಳು. ಬಂದವನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನನ್ನು ಒಪ್ಪುವುದಕ್ಕೆ ನನಗೆ ಅಷ್ಟು ಸಾಕಾಯಿತು.

ಅಪ್ಪನ ಕಸುಬು ತಕ್ಕಡಿ ರಿಪೇರಿ. ಬೀದಿಯವರಿಗೆಲ್ಲ ಅವನು ತಕ್ಕಡಿಯಣ್ಣ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಉದ್ದನೆಯ ಮೇಜು, ಅದರ ಮೇಲೆ ಕೈಕಾಲು ಬಿಚ್ಚಿಸಿಕೊಂಡು ಮಲಗಿದ ತಕ್ಕಡಿಗಳು, ಸ್ಪ್ರಿಂಗು, ಮುಳ್ಳು, ಎಣ್ಣೆಯ ಡಬ್ಬಿ. ಗೋಡೆಯ ಹಲಗೆಯ ಮೇಲೆ ಐದು ಕಿಲೋದಿಂದ ಅರ್ಧ ಕಿಲೋವರೆಗೆ ಕಬ್ಬಿಣದ ತೂಕದ ಕಲ್ಲುಗಳು, ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ. ಸಣ್ಣ ತೂಕಕ್ಕೆ ಬೇರೆಯದೇ ಹಿತ್ತಾಳೆಯ ಕಲ್ಲುಗಳಿವೆ. ಅವು ಮಖಮಲ್ಲು ಹೊದಿಸಿದ ಮರದ ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ದಿನಸಿ ಅಂಗಡಿಯವರ ತಕ್ಕಡಿ ಬಂದರೆ ಕಬ್ಬಿಣದ ಕಲ್ಲು, ಔಷಧಿ ಅಂಗಡಿಯವರದು ಬಂದರೆ ಹಿತ್ತಾಳೆ. ಎರಡನ್ನೂ ಬೆರೆಸುವುದು ಅಪ್ಪನ ಪ್ರಕಾರ ಅಪಚಾರ.

ಈ ಮನೆಗೆ ನಾನು ಮೂರನೇ ದಿನದ ಮಗಳನ್ನು ಎತ್ತಿಕೊಂಡು ಬಂದೆ. ಹೆರಿಗೆ ಆಸ್ಪತ್ರೆಯ ಚೀಟಿಯಲ್ಲಿ ಅವಳ ಹುಟ್ಟಿದ ತೂಕ ಮೂರು ಕಿಲೋ ನೂರು ಗ್ರಾಂ. ಅಪ್ಪ ಚೀಟಿ ನೋಡಿ, ಮಗುವನ್ನು ನೋಡಿ, "ಬಾರಮ್ಮಾ ಹೊಸ ಗಿರಾಕಿ" ಎಂದ. ಅವತ್ತಿನಿಂದ ಅವಳಿಗೆ ಅದೇ ಹೆಸರು.

ಮೇಜಿನ ಮುಂದೆ ಇಪ್ಪತ್ತು ವರ್ಷ ಕೂತ ಮನುಷ್ಯ ಈಗ ತೊಟ್ಟಿಲ ಮುಂದೆ ಕೂತ. ಮಗು ಅನ್ನುವುದನ್ನು ಅವನು ಮೊದಲ ಸಲ ನೋಡುತ್ತಿದ್ದಾನೇನೋ ಅನ್ನಿಸುವಂತಿತ್ತು. ನಾನು ಹುಟ್ಟಿದಾಗ ಊರೂರು ಸುತ್ತಿ ತಕ್ಕಡಿ ರಿಪೇರಿ ಮಾಡುತ್ತಿದ್ದನಂತೆ, ನಾನು ನಡೆಯಲು ಕಲಿತ ಮೇಲೇ ನನ್ನನ್ನು ಸರಿಯಾಗಿ ಕಂಡದ್ದಂತೆ. ಅಮ್ಮ ಇದನ್ನು ಈಗಲೂ ಹಂಗಿಸುತ್ತಾಳೆ.

"ಅಲ್ವೇ, ಇದು ಅಳುತ್ತೆ, ಕಣ್ಣಲ್ಲಿ ನೀರೇ ಇಲ್ಲ. ನಾಟಕಾನಾ?"

"ಎಳೇ ಮಕ್ಕಳಿಗೆ ಕಣ್ಣೀರು ಬರೋದಿಲ್ಲ ಕಣ್ರೀ. ಒಂದು ತಿಂಗಳಾಗ್ಬೇಕು," ಅಮ್ಮ ಹೇಳಿದಳು.

"ಉಸಿರು ನೋಡು. ನಾಲ್ಕೈದು ಸಲ ದಡದಡ ತಗೊಂತು, ಈಗ ಸುಮ್ನೆ. ನಿಂತೇ ಹೋಯ್ತಲ್ಲೇ. ಹಾಂ, ಮತ್ತೆ ಶುರುವಾಯ್ತು. ಇದ್ಯಾವ ಲೆಕ್ಕ?"

"ಅವೆಲ್ಲ ಹಾಗೇ. ನೀವು ಎದ್ದು ಸ್ನಾನ ಮಾಡಿ."

ಸೀನಿದರೆ ಯಾಕೆ, ಬಿಕ್ಕಳಿಸಿದರೆ ಯಾಕೆ, ಮುಷ್ಟಿಯೊಳಗೆ ಈ ನೂಲಿನ ಎಳೆ ಎಲ್ಲಿಂದ ಬಂತು, ಉಗುರು ಇಷ್ಟು ಉದ್ದ ಹೊಟ್ಟೆಯೊಳಗೇ ಬೆಳೆಯಿತಾ, ಹೀಗೆ ದಿನಕ್ಕೆ ನೂರು ಪ್ರಶ್ನೆ. ಆರನೇ ದಿನ ಹೊಕ್ಕಳ ತುಂಡು ಒಣಗಿ ಬಿದ್ದಾಗ ಅದನ್ನು ಚಿಮಟದಲ್ಲಿ ಎತ್ತಿ ಹಿತ್ತಾಳೆ ತಕ್ಕಡಿಯಲ್ಲಿ ತೂಗಿದ. "ಮುಕ್ಕಾಲು ಗ್ರಾಂ," ಎಂದು ಗಂಭೀರವಾಗಿ ತಿಳಿಸಿದ. ಔಷಧಿ ತೂಗುವ ತಟ್ಟೆ ಅದು. ಅಮ್ಮ ಅದನ್ನು ಕಿತ್ತುಕೊಂಡು ಬಿಸಿನೀರಲ್ಲಿ ಕುದಿಸಿ ತಂದಿಟ್ಟಳು.

ಏಳನೇ ದಿನ ಬೀದಿಯ ಕೊನೆಯ ಆರೋಗ್ಯ ಕೇಂದ್ರಕ್ಕೆ ಮಗುವನ್ನು ತೋರಿಸಲು ಹೋದೆವು. ಅಲ್ಲಿಯ ಮಕ್ಕಳ ತಕ್ಕಡಿಯನ್ನು ಹತ್ತು ತಿಂಗಳ ಹಿಂದೆ ರಿಪೇರಿ ಮಾಡಿದ್ದು ಅಪ್ಪನೇ. ಅಪ್ಪ ಒಳಗೆ ಬಂದವನೇ ಅದರ ಬೆನ್ನು ಸವರಿದ. ನರ್ಸಮ್ಮ ಮಗುವಿನ ಬಟ್ಟೆ ಬಿಚ್ಚಿ ತಟ್ಟೆಯಲ್ಲಿ ಮಲಗಿಸಿದರು. ಮುಳ್ಳು ತೂಗಾಡಿ ಎರಡು ಕಿಲೋ ಎಂಟುನೂರರಲ್ಲಿ ನಿಂತಿತು. ಅವರು ಚೀಟಿ ನೋಡಿದರು, ಮತ್ತೆ ಮುಳ್ಳು ನೋಡಿದರು.

"ಮುನ್ನೂರು ಗ್ರಾಂ ಇಳಿದಿದೆಯಲ್ಲಮ್ಮಾ. ಸ್ವಲ್ಪ ಇಳಿಯೋದು ಸಹಜ, ಇದು ಜಾಸ್ತಿಯಾಯ್ತು. ಹಾಲು ಸಾಕಾಗ್ತಿದೆಯಾ?"

"ಕುಡಿದು ಮಲಗ್ತಾಳೆ ಸಿಸ್ಟರ್."

"ಸುಸ್ತಾಗಿಯೂ ಮಲಗ್ತವೆ ಮಕ್ಕಳು. ಬರೋ ಗುರುವಾರಕ್ಕೆ ಹದಿನಾಲ್ಕು ದಿನ. ಅಷ್ಟರಲ್ಲಿ ಹುಟ್ಟಿದ ತೂಕಕ್ಕೆ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಡಬ್ಬಿ ಹಾಲು ಶುರು ಮಾಡೋಣ."

ಅವರು ಒರಟಾಗಿ ಹೇಳಲಿಲ್ಲ. ಆದರೂ ಸುಸ್ತಾಗಿ ಮಲಗುವುದು ಎಂಬ ಮಾತು ಕಿವಿಯಲ್ಲೇ ಉಳಿಯಿತು. ಏಳು ದಿನ ನನ್ನ ಎದೆಗೆ ಬಾಯಿ ಕೊಟ್ಟು, ಕೈ ಸಡಿಲಿಸಿ, ತುಟಿಯ ಅಂಚಲ್ಲಿ ಹಾಲಿಟ್ಟುಕೊಂಡು ಮಲಗಿದ್ದನ್ನು ನಾನು ತೃಪ್ತಿ ಅಂದುಕೊಂಡಿದ್ದೆ. ಅದು ಹಸಿವಾಗಿತ್ತೆಂದರೆ? ನಾನು ಅಪ್ಪನ ಕಡೆ ನೋಡಿದೆ. ತಕ್ಕಡಿ ತಪ್ಪು ಎಂದು ಈ ಮನುಷ್ಯ ಒಂದು ಮಾತು ಹೇಳಬಾರದೇ ಎಂದು ಕಾದೆ. ಅವನು ಹೇಳಿದ್ದು, "ಈ ತಕ್ಕಡಿ ಸುಳ್ಳು ಹೇಳಲ್ಲಮ್ಮಾ, ನನ್ನ ಕಲ್ಲಿಟ್ಟು ನಾನೇ ಕೂರಿಸಿದ್ದು." ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಭಾನುವಾರ ನನ್ನ ಗಂಡ ಬಂದ. ಡಿಪೋದಲ್ಲಿ ವಾರವಿಡೀ ಬಸ್ಸಿನ ಅಡಿಯಲ್ಲಿ ಮಲಗಿ ದುಡಿಯುವವನು, ಮಗುವನ್ನು ಎತ್ತಲು ಮೂರು ಸಲ ಕೈ ತೊಳೆಯುತ್ತಾನೆ. ಹಾಲಿನ ಡಬ್ಬಿ ತಂದಿದ್ದ. "ಇರ್ಲಿ, ಬೇಕಾದ್ರೆ ಇರುತ್ತೆ" ಎಂದು ನನ್ನ ಮುಖ ನೋಡದೆ ಅಡುಗೆಮನೆಯ ಹಲಗೆಯ ಮೇಲಿಟ್ಟ. ನೀರು ಕುಡಿಯಲು ಹೋದಾಗಲೆಲ್ಲ ಆ ಡಬ್ಬಿ ಕಣ್ಣಿಗೆ ಬೀಳುತ್ತಿತ್ತು. ಡಬ್ಬಿ ಹಾಲು ಕುಡಿದು ಬೆಳೆದ ಮಕ್ಕಳು ಬೀದಿಯಲ್ಲಿ ಗುಂಡುಗುಂಡಾಗಿ ಓಡಾಡುತ್ತಿವೆ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನಲ್ಲಿ ಇದೆಯೋ ಇಲ್ಲವೋ ಎಂಬುದು ನನಗೆ ಗೊತ್ತಾಗಬೇಕಿತ್ತು. ತಕ್ಕಡಿಯಣ್ಣನ ಮಗಳಾಗಿ ಸ್ವಂತ ಮಗುವಿಗೇ ಕಡಿಮೆ ತೂಗಿಕೊಟ್ಟೆನಾ ಎಂದು ನಾಚಿಕೆಯಾಗುತ್ತಿತ್ತು.

ಅಪ್ಪನಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ, ಇದ್ದದ್ದು ಕುತೂಹಲ. ಕೇಂದ್ರದಿಂದ ಬಂದ ಮಾರನೇ ದಿನವೇ ಮುಂದಿನ ಕೋಣೆಯ ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಹಳೇ ಶಾಲು ಹಾಸಿದ್ದ. ಇನ್ನೊಂದು ತಟ್ಟೆಯಲ್ಲಿ ಕಬ್ಬಿಣದ ಎರಡು ಕಿಲೋ, ಅರ್ಧ ಕಿಲೋ. ಉಳಿದದ್ದಕ್ಕೆ, ಜೀವನದಲ್ಲಿ ಮೊದಲ ಬಾರಿಗೆ ಅಪಚಾರ ಮಾಡಿ, ಹಿತ್ತಾಳೆಯ ಸಣ್ಣ ಕಲ್ಲು. ಎರಡು ಕಿಲೋ ಎಂಟುನೂರಾ ನಲವತ್ತು ಬಂತು.

"ನೋಡು, ಅಲ್ಲಿ ನಿನ್ನೆ ಎಂಟುನೂರು, ಇಲ್ಲಿ ಇವತ್ತು ಎಂಟುನೂರಾ ನಲವತ್ತು. ಎರಡೂ ತಕ್ಕಡಿ ಒಂದೇ ಮಾತು ಹೇಳ್ತಿವೆ."

ಅಲ್ಲಿಗೆ ನಿಲ್ಲಲಿಲ್ಲ. ಹಾಲು ಕುಡಿಸುವ ಮುಂಚೆ ಒಮ್ಮೆ, ಕುಡಿಸಿದ ಮೇಲೆ ಒಮ್ಮೆ ತೂಗಿದ. ಒದ್ದೆಯಾದ ಬಟ್ಟೆಯನ್ನು ಬಕೀಟಿಗೆ ಹಾಕಲು ಬಿಡದೆ ಅದನ್ನೂ ತೂಗಿದ. ಒಣಗಿದ ಅಂಥದೇ ಬಟ್ಟೆಯನ್ನು ಇನ್ನೊಂದು ಕಡೆ ಇಟ್ಟು ಮೂತ್ರವೆಷ್ಟು ಎಂದು ಕಳೆದು ನೋಡಿದ. ಹಳೇ ಕ್ಯಾಲೆಂಡರಿನ ಹಿಂಬದಿ ತುಂಬಾ ಅಂಕಿ. ಮಂಗಳವಾರ ಬೆಳಿಗ್ಗೆ ಅವಳು ಮೊಲೆ ಬಿಟ್ಟ ಕೂಡಲೇ ಅಪ್ಪ ಕೈಚಾಚಿ ನಿಂತಾಗ ನನಗೆ ತಲೆಕೆಟ್ಟಿತು.

"ಅಪ್ಪಾ, ಇನ್ನೊಂದು ಸಲ ನನ್ನ ಮಗೂನ ಆ ತಟ್ಟೆಯಲ್ಲಿಟ್ರೆ ನಿನ್ನ ತಕ್ಕಡೀನ ಬೀದಿಗೆ ಎಸೀತೀನಿ. ಇದೇನು ಈರುಳ್ಳೀನಾ?"

ಅಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಕೋಪ ಆಮೇಲೆ ಮಾಡ್ಕೋ. ನನಗೊಂದು ವಿಷ್ಯ ಅರ್ಥ ಆಗ್ತಿಲ್ಲ ಮಗಳೇ. ಒಂದೊಂದು ಸಲಕ್ಕೆ ಅರವತ್ತು, ಎಪ್ಪತ್ತು ಗ್ರಾಂ ಕುಡೀತಾಳೆ. ದಿನಕ್ಕೆ ಒಂಬತ್ತು ಸಲ. ಏಳೆಂಟು ಬಟ್ಟೆ ನೆನೆಸ್ತಾಳೆ, ಒಳಗೆ ಹೋಗದೆ ಹೊರಗೆ ಬರುತ್ತಾ? ದಿನಕ್ಕೆ ಮೂವತ್ತು ಗ್ರಾಂ ಏರ್ತಾ ಇದಾಳೆ, ಗಡಿಯಾರದ ಹಾಗೆ. ಏರೋ ಮಗು ಇದು. ಇಳಿದಿದ್ದು ಯಾವಾಗ?"

ಅವನು ನನ್ನ ಹಾಲನ್ನೇ ತೂಗುತ್ತಿದ್ದಾನೆ, ಕಡಿಮೆ ಎಂದು ತೀರ್ಪು ಕೊಡುತ್ತಾನೆ ಎಂದು ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆದರೂ ಲೆಕ್ಕ ನನಗೂ ಬರುತ್ತದೆ. ದಿನಕ್ಕೆ ಮೂವತ್ತು ಏರಿದರೆ ಗುರುವಾರಕ್ಕೆ ಮೂರು ಕಿಲೋ ಹತ್ತು. ಮೂರು ಕಿಲೋ ನೂರಕ್ಕೆ ಇನ್ನೂ ತೊಂಬತ್ತು ಕಡಿಮೆ. ಡಬ್ಬಿ ತಪ್ಪುವುದಿಲ್ಲ.

ಬುಧವಾರ ಬೆಳಿಗ್ಗೆ ಅಪ್ಪ ತೀರ್ಪು ಕೊಟ್ಟ. "ಹೆರಿಗೆ ಆಸ್ಪತ್ರೆ ತಕ್ಕಡೀನೇ ಸರಿ ಇಲ್ಲ. ಹುಟ್ಟಿದಾಗ ಇದು ಮೂರು ಕಿಲೋ ನೂರು ಇರ್ಲೇ ಇಲ್ಲ. ಅವರದು ಕಂಪನಿ ತಕ್ಕಡಿ. ಕಂಪನಿಯವರು ಯಾವತ್ತು ನಿಜ ಹೇಳಿದಾರೆ?"

ಇದು ಹಳೇ ಹಾಡು. ಅಂಗಡಿಯಿಂದ ಬರುವ ಉಪ್ಪಿನ ಪ್ಯಾಕೆಟ್ಟು, ಸಕ್ಕರೆ ಪ್ಯಾಕೆಟ್ಟು, ಯಾವ ಕಂಪನಿಯದೂ ಅಪ್ಪನ ಒಂದು ಕಿಲೋ ಕಲ್ಲಿಗೆ ಸಮ ನಿಂತದ್ದಿಲ್ಲ. ಮೂವತ್ತೈದೋ ನಲವತ್ತೋ ಗ್ರಾಂ ಕಡಿಮೆ ಬಂದೇ ಬರುತ್ತದೆ. ಪ್ಯಾಕೆಟ್ಟು ಮಾಡುವವರೆಲ್ಲ ಕಳ್ಳರು, ತಾನು ತಕ್ಕಡಿ ಕೂರಿಸಿಕೊಟ್ಟ ನಮ್ಮ ಬೀದಿಯ ಅಂಗಡಿಯವರು ಮಾತ್ರ ಸತ್ಯವಂತರು ಎಂದು ಅವನ ನಂಬಿಕೆ.

ಅಮ್ಮ ಮಗುವಿನ ಬಟ್ಟೆ ಮಡಿಸುತ್ತ ಕೂತಿದ್ದಳು. "ಅಲ್ರೀ," ಎಂದಳು, "ಆಸ್ಪತ್ರೆಯವರು ಸುಳ್ಳು, ಸಕ್ಕರೆಯವನು ಸುಳ್ಳು, ಉಪ್ಪಿನವನು ಸುಳ್ಳು. ಊರೆಲ್ಲ ಸುಳ್ಳು, ನಿಮ್ಮ ಕಲ್ಲೊಂದು ನಿಜ. ಆ ಕಲ್ಲನ್ನ ಯಾರು ತೂಗಿದ್ರು?"

"ಕಲ್ಲನ್ನ ತೂಗೋದೇನೇ? ಸರ್ಕಾರಿ ಮುದ್ರೆ ಇದೆ."

"ಅದು ನಮ್ಮ ಮದುವೆ ವರ್ಷದ್ದು."

"ಕಬ್ಬಿಣ ಸವೀಬಹುದು. ಬೆಳೆಯುತ್ತೇನೇ?"

"ತಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೇಲಿ ನೊಣ ಹುಡುಕೋರು ನೀವು. ಒಂದ್ಸಲ ತೂಗಿದ್ರೆ ಗಂಟೇನು ಹೋಗುತ್ತೆ?"

ಅಪ್ಪ ಗೊಣಗುತ್ತಲೇ ಎದ್ದ. ಕಬ್ಬಿಣದ ಅರ್ಧ ಕಿಲೋ ಕಲ್ಲನ್ನು ಒಂದು ಕಡೆ ಇಟ್ಟ. ಮಖಮಲ್ಲಿನ ಪೆಟ್ಟಿಗೆಯಿಂದ ಇನ್ನೂರು, ಎರಡು ನೂರು, ಐವತ್ತು, ಎರಡು ಇಪ್ಪತ್ತು, ಒಂದು ಹತ್ತು ತೆಗೆದು ಇನ್ನೊಂದು ಕಡೆ ಇಟ್ಟ. ಒಟ್ಟು ಐನೂರು. ದಂಡ ಸಮ ನಿಲ್ಲಬೇಕು. ಕಬ್ಬಿಣದ ತಟ್ಟೆ ನಿಧಾನಕ್ಕೆ ಇಳಿದು ಮೇಜಿಗೆ ಕೂತಿತು. ಅಪ್ಪ ಕಡ್ಡಿ ಅಲುಗಾಡಿಸಿದ, ತಟ್ಟೆ ಒರೆಸಿದ, ಎರಡನ್ನೂ ಅದಲುಬದಲು ಮಾಡಿದ. ಈಗ ಆ ಕಡೆಯ ತಟ್ಟೆ ಕೂತಿತು.

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಂದು ನಿಂತೆ. ಅಪ್ಪ ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದ. ಅದರ ಮೂಲೆಗಳೆಲ್ಲ ಯಾವಾಗಲೋ ದುಂಡಗಾಗಿದ್ದವು, ಮೇಲಿನ "೫೦೦" ಎಂಬ ಅಂಕಿ ತುಂಬಿಹೋಗಿ ಉಬ್ಬಿನ ಹಾಗೆ ಮಾತ್ರ ಕಾಣುತ್ತಿತ್ತು. ಉಗುರಿನಿಂದ ಕೆರೆದ. ಆಮೇಲೆ ಚಾಕು ತಂದ. ಚಾಕುವಿನ ತುದಿ ಒಳಗೆ ಹೋಯಿತು, ಇನ್ನೂ ಹೋಯಿತು. ಒಂದು ದಪ್ಪ ಚಕ್ಕೆ ಎದ್ದು ಬಂತು. ನಾನು ಅದನ್ನು ಬೆಳಕಿಗೆ ಹಿಡಿದೆ. ಹಸಿರು, ಅದರಡಿ ಕೆನೆ, ಅದರಡಿ ನೀಲಿ, ಬೂದು, ಮತ್ತೆ ಹಸಿರು. ಹನ್ನೊಂದರವರೆಗೆ ಎಣಿಸಿದೆ, ಅದರಾಚೆ ಒಂದರೊಳಗೊಂದು ಸೇರಿಕೊಂಡಿದ್ದವು. ಎಲ್ಲವೂ ನಮ್ಮ ಮನೆಯ ಬಾಗಿಲು ಕಿಟಕಿಗಳ ಬಣ್ಣ. ಕೆನೆ ನನ್ನ ಮದುವೆಯ ವರ್ಷದ್ದು.

ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದಳು. "ಬಾಗಿಲಿಗೆ ಬಳಿದು ಮಿಕ್ಕಿದ್ದು," ಎಂದಳು. "ಬಿಸಾಕೋಕೆ ಮನಸ್ಸು ಬರ್ತಿರ್ಲಿಲ್ಲ. ತುಕ್ಕು ಹಿಡಿಯದಿರ್ಲಿ ಅಂತ ನಿಮ್ಮ ಕಲ್ಲಿಗೂ ಎರಡು ಕೈ ಬಳೀತಿದ್ದೆ. ವರ್ಷಾ ವರ್ಷಾ. ನಿಮಗೆ ಗೊತ್ತಿತ್ತಲ್ರೀ."

"ಗೊತ್ತಿತ್ತು," ಅಪ್ಪ ಹೇಳಿದ. "ಚೆನ್ನಾಗಿ ಕಾಣ್ತವೆ ಅಂದ್ಕೊಂಡೆ."

ಇಡೀ ಮಧ್ಯಾಹ್ನ ಕಬ್ಬಿಣ ಕಾಣುವವರೆಗೆ ಕೆರೆದ. ಅರ್ಧ ಕಿಲೋ ಕಲ್ಲಿನಿಂದ ಇಪ್ಪತ್ತೈದು ಗ್ರಾಂ ಬಣ್ಣ ಬಂತು, ಒಂದು ಕಿಲೋದಿಂದ ನಲವತ್ತೆರಡು, ಎರಡು ಕಿಲೋದಿಂದ ಅರವತ್ತೈದು. ಇದೇ ಎರಡು ಕಿಲೋ, ಒಂದು ಕಿಲೋ ಕಲ್ಲಿಟ್ಟು ಅವನು ಕೇಂದ್ರದ ತಕ್ಕಡಿಯನ್ನು ಕೂರಿಸಿದ್ದು. ಮೂರು ಕಿಲೋ ಎಂದು ಅದಕ್ಕೆ ಕಲಿಸಿದ್ದು ಮೂರು ಕಿಲೋಗೆ ನೂರು ಗ್ರಾಂ ಮೇಲಾದದ್ದನ್ನು. ಮಲಗಿಸಿದ ಮಗುವನ್ನೆಲ್ಲ ಅದು ನೂರು ಗ್ರಾಂ ಕಡಿಮೆ ತೋರಿಸುತ್ತಿತ್ತು. ನಮ್ಮ ಮನೆಯ ತಕ್ಕಡಿಗೆ ಪಾಠ ಹೇಳಿದ್ದೂ ಅದೇ ಕಲ್ಲು. ಎರಡೂ ಒಂದೇ ಮಾತು ಹೇಳದೆ ಇನ್ನೇನು ಹೇಳುತ್ತವೆ?

"ಪಾಪ, ನಮ್ಮ ಬೀದಿ ಅಂಗಡಿಯವನು ಇಷ್ಟು ವರ್ಷ ಎಲ್ಲರಿಗೂ ಕಿಲೋಗೆ ನಲವತ್ತು ಗ್ರಾಂ ಧರ್ಮಕ್ಕೆ ಕೊಟ್ಟಿದಾನೆ," ಎಂದು ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ನನಗೆ ನಗು ಬಂತು, ಕೂಡಲೇ ಅಳು ಬಂತು, ನಿಲ್ಲಲಿಲ್ಲ. ನನ್ನ ಮಗಳು ಹಸಿದಿರಲಿಲ್ಲ. ಒಂದು ದಿನವೂ ಹಸಿದಿರಲಿಲ್ಲ. ಅವಳ ತಲೆಯ ಮೇಲೆ ಮೂಗಿಟ್ಟು ಅದನ್ನೇ ಅವಳಿಗೆ ಮತ್ತೆ ಮತ್ತೆ ಹೇಳಿದೆ. ಅವಳು ತೇಗಿ, ನನ್ನ ಹೆಗಲ ಮೇಲೆ ಒಂದಿಷ್ಟು ಹಾಲು ಕಕ್ಕಿದಳು.

ಅಪ್ಪ ನಗಲಿಲ್ಲ. ಬಣ್ಣದ ಪುಡಿಯ ಮುಂದೆ ಕೂತೇ ಇದ್ದ. ಅಲ್ಲಿಂದಲೇ ಕೇಳಿದ, "ಹತ್ತು ತಿಂಗಳಲ್ಲಿ ಅಲ್ಲಿಗೆ ಎಷ್ಟು ಮಕ್ಕಳು ಬಂದಿರ್ಬಹುದು?"

ಗುರುವಾರ ಕೇಂದ್ರಕ್ಕೆ ಹೋದಾಗ ಅಪ್ಪ ಮಗುವನ್ನು ಮಲಗಿಸಲು ಬಿಡಲಿಲ್ಲ. ಮೊದಲು ಕೆರೆದ ಕಲ್ಲುಗಳನ್ನು ಚೀಲದಿಂದ ತೆಗೆದು ತಟ್ಟೆಯಲ್ಲಿಟ್ಟ. ಮೂರು ಕಿಲೋಗೆ ಮುಳ್ಳು ಎರಡು ಕಿಲೋ ಒಂಬೈನೂರು ತೋರಿಸಿತು.

"ತಪ್ಪು ನಂದು ಸಿಸ್ಟರ್," ಎಂದ. ಬೆಂಚಿನ ಮೇಲೆ ಕೂತಿದ್ದ ನಾಲ್ಕು ತಾಯಂದಿರೂ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿಯೇ ಹೇಳಿದ. ಬಣ್ಣದ ಕಥೆಯನ್ನೂ ಬಿಡಲಿಲ್ಲ. ಆಮೇಲೆ ತಿರುಪು ತಿರುಗಿಸಿ ಮುಳ್ಳನ್ನು ಮೂರಕ್ಕೆ ತಂದು ನಿಲ್ಲಿಸಿ, ನನ್ನ ಮಗಳನ್ನು ಮಲಗಿಸಿದ. ಮೂರು ಕಿಲೋ ನೂರಾ ಹತ್ತು.

ನರ್ಸಮ್ಮ ಅದನ್ನು ಬರೆದುಕೊಂಡರು. ಅವರ ಮುಖ ಕೆಂಪಾಗಿತ್ತು. "ಯಜಮಾನ್ರೇ, ನಾನು ಎಷ್ಟು ಜನಕ್ಕೆ ಡಬ್ಬಿ ಕೊಡಿ ಅಂದಿದೀನಿ ಗೊತ್ತಾ ನಿಮಗೆ?" ಎನ್ನುತ್ತಾ ಪುಸ್ತಕ ತೆರೆದು ಹಿಂದಕ್ಕೆ ಹಿಂದಕ್ಕೆ ಹಾಳೆ ಮಗುಚಿದರು. ಹನ್ನೊಂದು ಮಕ್ಕಳು. ಒಂದೊಂದಕ್ಕೂ ನೂರು ಗ್ರಾಂ ಸೇರಿಸಿ ನೋಡಿದರು. ಏಳಕ್ಕೆ ಸೇರಿಸಿದರೂ ಸಾಲದು, ಅವು ನಿಜಕ್ಕೂ ಇಳಿದಿದ್ದವು. ನಾಲ್ಕು ಇಳಿದಿರಲಿಲ್ಲ.

"ಈ ನಾಲ್ಕು ಮನೆ ಎಲ್ಲೆಲ್ಲಿ?" ಅಪ್ಪ ಕೇಳಿದ.

"ಹೋಗಿ ಏನ್ ಮಾಡ್ತೀರಿ? ಡಬ್ಬಿ ಕುಡಿದು ಚೆನ್ನಾಗೇ ಇವೆ ಮಕ್ಕಳು. ಇನ್ನು ನಾನೂ ಹೇಳ್ಬೇಕು ಅವರಿಗೆ."

"ನೀವು ಹೇಳಿ. ಮೊದಲು ನಾನು ಹೇಳ್ಬೇಕು."

ಮೊದಲನೆಯ ಮನೆ ನಮ್ಮ ದಾರಿಯಲ್ಲೇ ಇತ್ತು, ಇಸ್ತ್ರಿ ಅಂಗಡಿ. ನಾನೂ ಮಗುವನ್ನು ಎತ್ತಿಕೊಂಡು ಹಿಂದೆಯೇ ಹೋದೆ. ಇಸ್ತ್ರಿಯವಳು ನನಗಿಂತ ಚಿಕ್ಕವಳು. ಬಟ್ಟೆ ಗಂಟುಗಳ ನಡುವೆ ಅವಳ ಐದು ತಿಂಗಳ ಮಗ ಒರಗಿ ಕೂತು ಬಾಟಲಿಯ ರಬ್ಬರನ್ನು ಅಗಿಯುತ್ತಿದ್ದ, ಕೆನ್ನೆ ಜೋಲುವಷ್ಟು ದುಂಡಗೆ. ಅಪ್ಪ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಕಲ್ಲು, ಬಣ್ಣ, ನೂರು ಗ್ರಾಂ. ಅವಳು ಅಂಗಿಯ ತೋಳು ಒತ್ತುತ್ತಲೇ ಕೇಳಿದಳು. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡು ನಾನು ಅಪ್ಪನ ಪಕ್ಕಕ್ಕೆ ಸರಿದೆ. ಅಂಗಿ ಮುಗಿಸಿ, ಮಡಿಸಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಅಂದ್ರೆ, ನನ್ನ ಹಾಲು ಸಾಕಾಗ್ತಿತ್ತಾ?"

"ಸಾಕಾಗ್ತಿತ್ತಮ್ಮಾ. ಅಳತೆಗಿಂತ ಹತ್ತು ಗ್ರಾಂ ಜಾಸ್ತೀನೇ ಇದ್ದ ನಿನ್ನ ಮಗ."

"ನಾಲ್ಕೂವರೆ ತಿಂಗಳಾಯ್ತು ನಿಂತುಹೋಗಿ," ಎಂದಳು. ನನ್ನ ಎದೆಗೆ ಒರಗಿ ಮಲಗಿದ್ದ ಮಗಳ ಕಡೆ ಒಂದು ಸಲ ನೋಡಿದಳು. ನನಗೆ ಮಗುವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಬೇಕು ಅನ್ನಿಸಿತು. ಇಸ್ತ್ರಿಯವಳು ತಲೆ ಎತ್ತಿ ಒಳಕೋಣೆಯ ಕಡೆ ಕೈ ತೋರಿಸಿದಳು. ಅಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಇದನ್ನ ನಮ್ಮತ್ತೆಗೂ ಒಂದ್ಸಲ ಹೇಳ್ತೀರಾ?"

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.